ದರ್ಪಣಸುಂದರಿ ತೆರೆಗೆ ಬಂದ ದಿನ

ಬಿಸಿಎ ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿಗೆ ಬೇಲೂರಿನ ಮದನಿಕೆಯರನ್ನು ಆರಿಸಿಕೊಂಡಾಗ ನನಗೆ ಸಂತೋಷಕ್ಕಿಂತ ಆತಂಕವೇ ಹೆಚ್ಚಾಯಿತು. ಯೋಜನೆ ಕೇಳುವುದಕ್ಕೆ ಸರಳವಾಗಿತ್ತು. ಚೆನ್ನಕೇಶವ ದೇವಾಲಯದ ಹೊರಗೋಡೆಯ ಚಿತ್ರವೊಂದು ತೆರೆಯ ಮೇಲೆ ಬರಬೇಕು; ನೋಡುವವರು ಯಾವ ಮದನಿಕೆಯ ಮೇಲೆ ಮೌಸ್ ಒತ್ತುತ್ತಾರೋ ಅವಳ ಹೆಸರು ಕನ್ನಡದಲ್ಲಿ ಮೂಡಬೇಕು; ಆ ಶಿಲ್ಪದ ವಿವರಣೆ ಧ್ವನಿಯಲ್ಲಿ ಕೇಳಿಸಬೇಕು. ಚಿತ್ರ, ಅಕ್ಷರ, ಧ್ವನಿ, ಮೌಸ್ ಎಲ್ಲವನ್ನೂ ಸಿ ಭಾಷೆಯಲ್ಲಿಯೇ ಬರೆಯುತ್ತೇವೆಂಬುದು ಅವರ ಹಟ. ಹಾಸನದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅವರು ಅಲ್ಲಿಯವರೆಗೆ ಕಂಡಿದ್ದ ಗ್ರಾಫಿಕ್ಸ್ ಎಂದರೆ, ಹಳೆಯ ಡಾಸ್ ಪ್ರೋಗ್ರಾಂಗಳನ್ನು ಓಡಿಸುವ ಡಾಸ್‌ಬಾಕ್ಸಿನೊಳಗೆ ಹಳೆಯ ಕಂಪೈಲರಾದ ಟರ್ಬೊ ಸಿ ತೆರೆದು, ಅದರ ಗ್ರಾಫಿಕ್ಸ್ ಕಡತಗಳಿರುವ ಬಿಜಿಐ ಫೋಲ್ಡರಿನ ವಿಳಾಸವನ್ನು ಬಾಯಿಪಾಠದಂತೆ ಬರೆದು, 640×480 ಚುಕ್ಕಿಗಳ ತೆರೆಯ ಮೇಲೆ 16 ಬಣ್ಣಗಳಲ್ಲಿ ವೃತ್ತವನ್ನೂ ಆಯತವನ್ನೂ ಎಳೆಯುವುದಷ್ಟೇ. ಬಳಪದ ಕಲ್ಲಿನ ನೆರಳುಬೆಳಕು 16 ಬಣ್ಣಗಳಿಗೆ ದಕ್ಕುವಂಥದ್ದಲ್ಲ.

ನಾನು ಸೂಚಿಸಿದ್ದು ಎಸ್‌ಡಿಎಲ್ ಎಂದು ಕರೆಯಲಾಗುವ ಸಿಂಪಲ್ ಡೈರೆಕ್ಟ್‌ಮೀಡಿಯಾ ಲೇಯರ್ ಲೈಬ್ರರಿಯನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಫಂಕ್ಷನ್‌ಗಳ ಸಂಗ್ರಹವನ್ನು. 1998ರಲ್ಲಿ ಸ್ಯಾಮ್ ಲಾಂಟಿಂಗಾ ಹೊರತಂದ ಈ ಲೈಬ್ರರಿ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೊದಲಾದ ವ್ಯವಸ್ಥೆಗಳು ಕಿಟಕಿ ತೆರೆಯುವ, ಚಿತ್ರ ಬರೆಯುವ, ಧ್ವನಿ ಹೊರಡಿಸುವ ಬೇರೆ ಬೇರೆ ಬಗೆಗಳನ್ನು ತನ್ನೊಳಗೆ ಮುಚ್ಚಿಟ್ಟುಕೊಂಡು, ಪ್ರೋಗ್ರಾಂ ಬರೆಯುವವರಿಗೆ ಒಂದೇ ಬಗೆಯ ಫಂಕ್ಷನ್‌ಗಳನ್ನು ಕೊಡುತ್ತದೆ. ಅದರ ಎರಡನೆಯ ಆವೃತ್ತಿ 2013ರಲ್ಲಿ ಬಂದಿತು. ಮೂರನೆಯದು 2025ರ ಜನವರಿಯಲ್ಲಿ. ನಾನು ಆರಿಸಿದ್ದು ಎರಡನೆಯದನ್ನು. ಹೊಸದಿರುವಾಗ ಹಳೆಯದೇಕೆ ಎಂದು ಆಲೂರಿನ ಹುಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ನನ್ನ ಕಾರಣ ಇಷ್ಟೇ ಆಗಿತ್ತು: ಅಂತರ್ಜಾಲದಲ್ಲಿ ಸಿಗುವ ಪಾಠಗಳಲ್ಲಿ ಬಹುಪಾಲು ಎರಡನೆಯ ಆವೃತ್ತಿಯವು, ಮತ್ತು ಇವೆರಡನ್ನು ಬೆರೆಸಿದರೆ ಉಂಟಾಗುವ ತೊಡಕು ಕಣ್ಣಿಗೆ ಬೀಳುವುದಿಲ್ಲ. ಎರಡನೆಯ ಆವೃತ್ತಿಯಲ್ಲಿ ಲೈಬ್ರರಿಯನ್ನು ಆರಂಭಿಸುವ ಫಂಕ್ಷನ್ ಗೆದ್ದರೆ ಸೊನ್ನೆಯನ್ನೂ ಸೋತರೆ ಋಣಸಂಖ್ಯೆಯನ್ನೂ ಹಿಂದಿರುಗಿಸುತ್ತದೆ. ಮೂರನೆಯದರಲ್ಲಿ ಗೆದ್ದರೆ ನಿಜ, ಸೋತರೆ ಸುಳ್ಳು. ಹಳೆಯ ಪಾಠದ 'ಸೊನ್ನೆಗಿಂತ ಕಡಿಮೆಯೇ?' ಎಂಬ ಪರೀಕ್ಷೆಯನ್ನು ಹೊಸದರಲ್ಲಿ ಬರೆದರೆ ಸೋಲು ಎಂದೂ ಪತ್ತೆಯಾಗುವುದಿಲ್ಲ, ಪ್ರೋಗ್ರಾಂ ಮಾತ್ರ ಮುಂದೆಲ್ಲೋ ಕುಸಿಯುತ್ತದೆ.

ಹಾಸನಾಂಬೆಯ ದರ್ಶನದ ದಿನಗಳವು. ಊರಿನ ರಸ್ತೆಗಳು ಹೊರಗಿನಿಂದ ಬಂದವರಿಂದ ತುಂಬಿ, ಹಳ್ಳಿಗಳಿಂದ ಬರುವ ಬಸ್ಸುಗಳು ತಡವಾಗಿ, ತರಗತಿಗೆ ಬಂದವರ ಸಂಖ್ಯೆ ತೀರ ಕಡಿಮೆಯಿದ್ದುದರಿಂದ ಆ ಶನಿವಾರ ಲ್ಯಾಬ್ ನಮಗೆ ಪೂರ್ತಿಯಾಗಿ ಸಿಕ್ಕಿತು. ಕಾಲೇಜಿನ ಇಂಟರ್ನೆಟ್ ಅಂದು ಮಂದವಾಗಿದ್ದ ಕಾರಣ, ಅರಕಲಗೂಡಿನ ಹುಡುಗಿ ತನ್ನ ಮೊಬೈಲಿನ ಹಾಟ್‌ಸ್ಪಾಟ್ ಬಳಸಿ ಮೂಲ ಲೈಬ್ರರಿಯನ್ನೂ, ಚಿತ್ರ, ಧ್ವನಿ ಮತ್ತು ಅಕ್ಷರಗಳಿಗೆಂದು ಪ್ರತ್ಯೇಕವಾಗಿರುವ ಮೂರು ಜೊತೆ ಲೈಬ್ರರಿಗಳನ್ನೂ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿದಳು. ಹೊಸಬರಿಗೆ ಇಲ್ಲಿಯೇ ಮೊದಲ ಗೊಂದಲ. ಎರಡನೆಯ ಆವೃತ್ತಿಯ ಎಸ್‌ಡಿಎಲ್ ತಾನಾಗಿ ಬಿಎಂಪಿ ಚಿತ್ರವನ್ನೂ ವೇವ್ ಧ್ವನಿಯನ್ನೂ ಮಾತ್ರ ಓದುತ್ತದೆ. ಜೆಪೆಗ್ ಮತ್ತು ಪಿಎನ್‌ಜಿ ಚಿತ್ರಗಳಿಗೆ ಎಸ್‌ಡಿಎಲ್ ಇಮೇಜ್, ಎಂಪಿ3 ಮುಂತಾದವುಗಳಿಗೂ ಹಲವು ಧ್ವನಿಗಳನ್ನು ಒಟ್ಟಿಗೆ ನುಡಿಸುವುದಕ್ಕೂ ಎಸ್‌ಡಿಎಲ್ ಮಿಕ್ಸರ್, ಅಕ್ಷರಗಳಿಗೆ ಎಸ್‌ಡಿಎಲ್ ಟಿಟಿಎಫ್ ಬೇಕು. ಮತ್ತೊಂದು ಗೊಂದಲವೆಂದರೆ, ಕೇವಲ ಪ್ರೋಗ್ರಾಂ ಓಡಿಸುವವರಿಗೆ ಕೊಡುವ ಕಡತ ಬೇರೆ, ಪ್ರೋಗ್ರಾಂ ಬರೆಯುವವರಿಗೆ ಕೊಡುವ ಡೆವೆಲಪ್‌ಮೆಂಟ್ ಕಡತ ಬೇರೆ. ಎರಡನೆಯದರಲ್ಲಿಯೂ ವಿಷುಯಲ್ ಸ್ಟುಡಿಯೊಗೆ ಒಂದು, ಮಿನ್‌ಜಿಡಬ್ಲ್ಯೂಗೆ ಇನ್ನೊಂದು. ನಮ್ಮಲ್ಲಿದ್ದದ್ದು ಪ್ರೋಗ್ರಾಂ ಬರೆದು ಓಡಿಸುವ ತಂತ್ರಾಂಶವಾದ ಕೋಡ್‌ಬ್ಲಾಕ್ಸ್, ಅದರೊಡನೆ ಬಂದ ಮಿನ್‌ಜಿಡಬ್ಲ್ಯೂ ಕಂಪೈಲರ್.

ಲೈಬ್ರರಿಯನ್ನು ಸಜ್ಜುಗೊಳಿಸುವ ಕೆಲಸವನ್ನು ಅಧ್ಯಾಪಕರೇ ಮುಂಚಿತವಾಗಿ ಮುಗಿಸಿಟ್ಟು, ವಿದ್ಯಾರ್ಥಿಗಳನ್ನು ನೇರವಾಗಿ ಪ್ರೋಗ್ರಾಮಿಗೆ ಕೂರಿಸುವುದು ನಮ್ಮಲ್ಲಿ ವಾಡಿಕೆ. ನಾನು ಬೇಕೆಂದೇ ಹಾಗೆ ಮಾಡಲಿಲ್ಲ. ಪ್ರೋಗ್ರಾಂ ಎಂಬುದು ಕಂಪೈಲ್ ಆಗುವಾಗ (ಬರೆದದ್ದು ಯಂತ್ರದ ಭಾಷೆಗೆ ಬದಲಾಗುವಾಗ), ಲಿಂಕ್ ಆಗುವಾಗ (ಅದಕ್ಕೆ ಲೈಬ್ರರಿ ಜೋಡಣೆಯಾಗುವಾಗ), ಕೊನೆಗೆ ಓಡುವಾಗ ಮೂರು ಬೇರೆ ಬೇರೆ ಕಡೆ ಮೂರು ಬೇರೆ ಬೇರೆ ಕಡತಗಳನ್ನು ಹುಡುಕುತ್ತದೆಂಬುದನ್ನು ಮೂರು ವರ್ಷ ಸಿ ಓದಿದವರೂ ನೋಡಿರುವುದಿಲ್ಲ, ಏಕೆಂದರೆ ಪ್ರಿಂಟ್‌ಎಫ್ ಬರೆದು ಓಡಿಸುವವರಿಗೆ ಆ ಮೂರೂ ಸಿದ್ಧವಾಗಿಯೇ ದೊರೆಯುತ್ತವೆ. ಹೊರಗಿನ ಲೈಬ್ರರಿಯೊಂದನ್ನು ಕೈಯಾರೆ ಜೋಡಿಸುವ ದಿನವೇ ಅದು ಕಾಣುವುದು.

ಮೊದಲು ಕಾಣಿಸಿಕೊಂಡದ್ದು, ಲೈಬ್ರರಿಯ ಫಂಕ್ಷನ್‌ಗಳ ಪಟ್ಟಿಯಾದ ಹೆಡರ್ ಕಡತ ಸಿಗಲಿಲ್ಲವೆಂಬ ಸಂದೇಶ. ನಾಲ್ವರೂ ಅದನ್ನು 'ಎರರ್ ಬಂತು' ಎಂದಷ್ಟೇ ಓದಿದರು. ಏನು ಸಿಗಲಿಲ್ಲ, ಯಾರಿಗೆ ಸಿಗಲಿಲ್ಲ ಎಂದು ಕೇಳಿದ ಮೇಲೆ, ಕಂಪೈಲರಿಗೆ ಸಿಗಲಿಲ್ಲ, ಹುಡುಕಬೇಕಾದ ಫೋಲ್ಡರನ್ನು ನಾವು ಹೇಳಿಲ್ಲ ಎಂಬಲ್ಲಿಗೆ ಬಂದರು. ಪ್ರಾಜೆಕ್ಟಿನ ಬಿಲ್ಡ್ ಆಪ್ಷನ್ಸ್ ತೆರೆದು, ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ ಕಂಪೈಲರ್ ಭಾಗಕ್ಕೆ ಇನ್‌ಕ್ಲೂಡ್ ಫೋಲ್ಡರನ್ನೂ, ಲಿಂಕರ್ ಭಾಗಕ್ಕೆ ಲಿಬ್ ಫೋಲ್ಡರನ್ನೂ ಸೇರಿಸಿದೆವು. ಹೆಡರ್ ಸಿಕ್ಕಿತು. ಅದರೊಡನೆ, ಯಾರೂ ನಿರೀಕ್ಷಿಸದ ಇನ್ನೊಂದು ದೂರು ಬಂತು: ಎಸ್‌ಡಿಎಲ್ ಮೇನ್ ಎಂಬ ಫಂಕ್ಷನ್ನಿನ ವಿಧಗಳು ಪರಸ್ಪರ ಹೊಂದುತ್ತಿಲ್ಲ.

"ಮೇಡಂ, ನಾವು ಆ ಹೆಸರಿನ ಫಂಕ್ಷನ್ನೇ ಬರ್ದಿಲ್ಲ" ಎಂದಳು ಅರಕಲಗೂಡಿನ ಹುಡುಗಿ.

ಅವಳು ಹೇಳಿದ್ದು ನಿಜ. ಟರ್ಬೊ ಸಿ ಕಲಿಸಿದ ಅಭ್ಯಾಸದಂತೆ ಪ್ರೋಗ್ರಾಂ ಆರಂಭವಾಗುವ ಮೇನ್ ಫಂಕ್ಷನ್ನನ್ನು ಅವರು ಬರೆದದ್ದು ವಾಯ್ಡ್ ಮೇನ್ ಎಂದು, ಅಂದರೆ ಏನನ್ನೂ ಹಿಂದಿರುಗಿಸದಂತೆ. ಆದರೆ ವಿಂಡೋಸಿನಲ್ಲಿ ಎಸ್‌ಡಿಎಲ್ ತನ್ನ ಹೆಡರಿನೊಳಗೆ ಹೆಸರು ಬದಲಿಸುವ ನಿಯಮವಾದ ಮ್ಯಾಕ್ರೊ ಒಂದನ್ನು ಇಟ್ಟು, ನಾವು ಬರೆದ ಮೇನ್ ಎಂಬ ಹೆಸರನ್ನು ಎಸ್‌ಡಿಎಲ್ ಮೇನ್ ಎಂದು ಸದ್ದಿಲ್ಲದೆ ಬದಲಾಯಿಸುತ್ತದೆ. ಕಿಟಕಿಯುಳ್ಳ ಪ್ರೋಗ್ರಾಮಿಗೆ ವಿಂಡೋಸ್ ಬಯಸುವ ಪ್ರವೇಶದ್ವಾರ ವಿನ್‌ಮೇನ್. ಆ ವಿನ್‌ಮೇನ್ ಲೈಬ್ರರಿಯೊಳಗೆ ಸಿದ್ಧವಿದ್ದು, ತನ್ನ ಕೆಲಸ ಮುಗಿಸಿ ನಮ್ಮ ಫಂಕ್ಷನ್ನನ್ನು ಕರೆಯುತ್ತದೆ. ಹೀಗೆ ಕರೆಸಿಕೊಳ್ಳಬೇಕಾದರೆ ನಮ್ಮ ಮೇನ್ ಪೂರ್ಣಾಂಕವನ್ನು ಹಿಂದಿರುಗಿಸಬೇಕು, ಆರ್ಗ್‌ಸಿ ಮತ್ತು ಆರ್ಗ್‌ವಿ ಎಂಬ ಎರಡು ಆರ್ಗ್ಯುಮೆಂಟುಗಳನ್ನು ತೆಗೆದುಕೊಳ್ಳಬೇಕು. ಇಂಟ್ ಮೇನ್ ಎಂದು ಬರೆಯಬೇಕೆಂದು ವರ್ಷಗಳಿಂದ ಹೇಳುತ್ತ ಬಂದ ನನ್ನ ಮಾತಿಗೆ ಸಿಗದ ಮರ್ಯಾದೆ ಆ ಒಂದು ಸಂದೇಶಕ್ಕೆ ಸಿಕ್ಕಿತು.

ಲಿಂಕರಿನ ಹಂತದಲ್ಲಿಯೇ ಅರ್ಧ ದಿನ ಕಳೆಯಿತು, ಮತ್ತು ಅದು ಕಳೆಯಬೇಕಾದದ್ದೇ. ಹೆಡರ್ ಸಿಕ್ಕಮೇಲೆ ಫಂಕ್ಷನ್ ಸಿಕ್ಕಿತೆಂದೇ ಎಲ್ಲರ ನಂಬಿಕೆ. ಹೆಡರಿನಲ್ಲಿರುವುದು ಬರಿಯ ಘೋಷಣೆ, ಕೆಲಸ ಮಾಡುವ ಭಾಗ ಬೇರೆ ಕಡತದಲ್ಲಿದೆ ಎಂದು ವಿವರಿಸುತ್ತಿರುವಾಗ ಆಲೂರಿನ ಹುಡುಗ, "ಹಂಗಾದ್ರೆ ಹೆಡರ್ ಅಂದ್ರೆ ಹೋಟೆಲಿನ ಗೋಡೆ ಮೇಲಿರೋ ತಿಂಡಿ ಬೋರ್ಡು, ಅಡುಗೆಮನೆ ಒಳಗಿದೆ, ಅಲ್ವಾ ಮೇಡಂ?" ಎಂದ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಲಿಂಕರಿಗೆ ಕೊಡಬೇಕಾದ ಹೆಸರುಗಳು ಮೂರು: ಮಿನ್‌ಜಿಡಬ್ಲ್ಯೂ32, ಎಸ್‌ಡಿಎಲ್2ಮೇನ್, ಎಸ್‌ಡಿಎಲ್2. ಇವನ್ನು ಇದೇ ಕ್ರಮದಲ್ಲಿ ಕೊಡಬೇಕು. ಈ ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಅದುವರೆಗೆ ಬಾಕಿ ಉಳಿದ ಹೆಸರುಗಳಿಗಷ್ಟೇ ಮುಂದಿನ ಲೈಬ್ರರಿಯಲ್ಲಿ ಉತ್ತರ ಹುಡುಕುತ್ತದೆ, ದಾಟಿ ಬಂದ ಲೈಬ್ರರಿಯತ್ತ ಮತ್ತೆ ತಿರುಗುವುದಿಲ್ಲ. ಮಿನ್‌ಜಿಡಬ್ಲ್ಯೂ32 ವಿನ್‌ಮೇನ್ ಎಲ್ಲಿ ಎಂದು ಕೇಳುತ್ತದೆ, ಎಸ್‌ಡಿಎಲ್2ಮೇನ್ ಅದನ್ನು ಕೊಟ್ಟು ತಾನು ಎಸ್‌ಡಿಎಲ್‌ನ ಫಂಕ್ಷನ್‌ಗಳನ್ನು ಕೇಳುತ್ತದೆ, ಅವನ್ನು ಎಸ್‌ಡಿಎಲ್2 ಕೊಡುತ್ತದೆ. ಕ್ರಮವನ್ನು ಬೇಕೆಂದೇ ತಿರುಗುಮುರುಗು ಮಾಡಿಸಿ, ವಿನ್‌ಮೇನ್ ಸಿಗಲಿಲ್ಲವೆಂಬ ಸಂದೇಶವನ್ನು ಅವರೇ ತರಿಸಿಕೊಂಡು ನೋಡುವಂತೆ ಮಾಡಿದೆ. ಮೂರನೆಯ ಆವೃತ್ತಿಯಲ್ಲಿ ಈ ಎಸ್‌ಡಿಎಲ್2ಮೇನ್‌ನಂಥ ಪ್ರತ್ಯೇಕ ಲೈಬ್ರರಿಯೇ ಇಲ್ಲ, ಆ ಕೆಲಸ ಹೆಡರಿನೊಳಗೇ ಆಗಿಬಿಡುತ್ತದೆ. ಅನುಕೂಲವೇನೋ ಹೌದು, ಕಲಿಯುವವರಿಗೆ ಮಾತ್ರ ನೋಡಲು ಸಿಗುವ ಒಂದು ಸಂಗತಿ ಕಡಿಮೆಯಾಯಿತು.

ಒಂದು ಸಾಲಿನ ಕಂಪ್ಯೂಟರುಗಳಲ್ಲಿ ಇಷ್ಟೆಲ್ಲ ಸರಿಯಿದ್ದೂ ಲಿಂಕರ್ ಹಟ ಹಿಡಿಯಿತು. ಹೊಂದದ ಲೈಬ್ರರಿಯನ್ನು ಬಿಟ್ಟು ಮುಂದೆ ಹೋಗುತ್ತಿದ್ದೇನೆಂದು ಹೇಳಿ, ಮರುಸಾಲಿನಲ್ಲಿಯೇ ಎಸ್‌ಡಿಎಲ್2 ಸಿಗುತ್ತಿಲ್ಲ ಎನ್ನುತ್ತಿತ್ತು. ಕಡತ ಕಣ್ಣೆದುರೇ ಇದೆ. "ನಮ್ಮ ಸಿಸ್ಟಮ್ 64 ಬಿಟ್ ಮೇಡಂ, ನಾನು 64ರದ್ದನ್ನೇ ಹಾಕಿದ್ದೀನಿ" ಎಂದು ಆ ಸಾಲಿನಲ್ಲಿ ಕುಳಿತಿದ್ದ ಹುಡುಗಿ ವಾದಿಸಿದಳು. ಇಲ್ಲಿ ಮುಖ್ಯವಾದದ್ದು ವಿಂಡೋಸಿನ ಬಿಟ್ಟುಗಳಲ್ಲ, ಕಂಪೈಲರಿನ ಬಿಟ್ಟುಗಳು. ಕಮಾಂಡ್ ಪ್ರಾಂಪ್ಟ್ ತೆರೆದು, ಕಂಪೈಲರನ್ನು ಓಡಿಸುವ ಆದೇಶವಾದ ಜಿಸಿಸಿಗೆ ಡಂಪ್‌ಮಷೀನ್ ಎಂಬ ಆಯ್ಕೆ ಕೊಟ್ಟರೆ ಅದು ಯಾವ ಬಗೆಯ ಯಂತ್ರಕ್ಕೆ ಕೋಡ್ ತಯಾರಿಸುತ್ತದೆಂಬುದನ್ನು ತಾನೇ ಹೇಳುತ್ತದೆ. ಆ ಸಾಲಿನಲ್ಲಿದ್ದದ್ದು ಹಳೆಯ ಕೋಡ್‌ಬ್ಲಾಕ್ಸ್, ಅದರ ಕಂಪೈಲರ್ 32 ಬಿಟ್ಟಿನದು. ಎಸ್‌ಡಿಎಲ್‌ನ ಮಿನ್‌ಜಿಡಬ್ಲ್ಯೂ ಕಡತವನ್ನು ಬಿಚ್ಚಿದರೆ ಒಳಗೆ ಐ686 ಎಂದು ಆರಂಭವಾಗುವ ಫೋಲ್ಡರೊಂದು, ಎಕ್ಸ್86-64 ಎಂದು ಆರಂಭವಾಗುವ ಫೋಲ್ಡರೊಂದು ಇರುತ್ತವೆ. ಮೊದಲನೆಯದು 32 ಬಿಟ್ಟಿಗೆ, ಎರಡನೆಯದು 64 ಬಿಟ್ಟಿಗೆ. ಫೋಲ್ಡರ್ ಬದಲಾಯಿಸಿದೊಡನೆ ಲಿಂಕರ್ ಸುಮ್ಮನಾಯಿತು.

ಓಡುವಾಗ ಬೇಕಾದದ್ದು ಡಿಎಲ್‌ಎಲ್, ಅಂದರೆ ಫಂಕ್ಷನ್‌ಗಳ ಕೆಲಸ ಮಾಡುವ ಭಾಗವಿರುವ ಕಡತ. ಅದು ಇಲ್ಲದಿದ್ದರೆ ವಿಂಡೋಸ್ ನೇರವಾಗಿ ಅದರ ಹೆಸರು ಹೇಳಿ ಸಿಗಲಿಲ್ಲವೆನ್ನುತ್ತದೆ. ಬೇರೆ ಬಿಟ್ಟಿನದಿದ್ದರೆ ಮಾತ್ರ, ಅಪ್ಲಿಕೇಶನ್ ಸರಿಯಾಗಿ ಆರಂಭವಾಗಲಿಲ್ಲವೆಂದು 7ಬಿ ಎಂಬಲ್ಲಿಗೆ ಮುಗಿಯುವ ಉದ್ದನೆಯ ಸಂಖ್ಯೆಯೊಂದನ್ನು ತೋರಿಸಿ ಸುಮ್ಮನಾಗುತ್ತದೆ. ಡಿಎಲ್‌ಎಲ್ ಅನ್ನು ಸಿಸ್ಟಮ್32 ಫೋಲ್ಡರಿಗೆ ಹಾಕಿರೆಂಬ ಸಲಹೆ ಎಲ್ಲೆಡೆಯೂ ಸಿಗುತ್ತದೆ. ನಮ್ಮ ಲ್ಯಾಬಿನಲ್ಲಿ ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು, ಅದು ಯಾರಲ್ಲಿದೆಯೋ ಅವರು ಅಂದು ರಜೆಯಲ್ಲಿದ್ದರು. ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ. ಪ್ರೋಗ್ರಾಮಿನ ಡಿಎಲ್‌ಎಲ್ ಪ್ರೋಗ್ರಾಮಿನ ಪಕ್ಕದಲ್ಲಿಯೇ ಇರಬೇಕು. ಅಲ್ಲದೆ, 64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32 ಎಂಬ ಫೋಲ್ಡರಿನಲ್ಲಿರುವುದು 64 ಬಿಟ್ಟಿನ ಕಡತಗಳು, 32 ಬಿಟ್ಟಿನವು ಸಿಸ್‌ವಾವ್64 ಎಂಬುದರಲ್ಲಿವೆ. ಈ ನಾಮಕರಣವನ್ನು ಯಾವ ವಿದ್ಯಾರ್ಥಿಗೆ ಹೇಳಿದರೂ ಒಮ್ಮೆಗೆ ನಂಬುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಿಟಕಿ ತೆರೆಯಿತು, ಮತ್ತು ಸ್ವಲ್ಪದರಲ್ಲೇ ಬಿಳಿಚಿಕೊಂಡು ಪ್ರತಿಕ್ರಿಯಿಸುತ್ತಿಲ್ಲವೆಂಬ ಬರಹವನ್ನು ತಲೆಯ ಮೇಲೆ ಹೊತ್ತುಕೊಂಡಿತು. ಮೌಸ್, ಕೀಬೋರ್ಡ್ ಮೊದಲಾದವುಗಳ ಸುದ್ದಿಯನ್ನು ವಿಂಡೋಸ್ ಒಂದು ಸಾಲಿನಲ್ಲಿ ನಿಲ್ಲಿಸುತ್ತ ಹೋಗುತ್ತದೆ. ಆ ಸಾಲನ್ನು ಪ್ರೋಗ್ರಾಂ ಆಗಾಗ ಖಾಲಿ ಮಾಡದಿದ್ದರೆ ಅದು ಸತ್ತಿದೆಯೆಂದೇ ವಿಂಡೋಸ್ ತಿಳಿಯುತ್ತದೆ. ಪೋಲ್ ಇವೆಂಟ್ ಫಂಕ್ಷನ್ನನ್ನು ಲೂಪಿನಲ್ಲಿ ಹಾಕಿದ ಮೇಲೆ ಕಿಟಕಿ ಜೀವ ಹಿಡಿಯಿತು. ಇಮೇಜ್ ಲೈಬ್ರರಿ ಯಾವ ತಕರಾರನ್ನೂ ಮಾಡಲಿಲ್ಲ. ಯಾರದೋ ಪ್ರವಾಸದ ಫೋಟೊ ಒಂದರಲ್ಲಿದ್ದ, ಕೈಗನ್ನಡಿ ಹಿಡಿದು ನಿಂತ ದರ್ಪಣಸುಂದರಿ ತೆರೆಯನ್ನು ತುಂಬಿದಳು. ನಾಲ್ವರೂ ಚಪ್ಪಾಳೆ ತಟ್ಟಿದರು.

ಹೆಸರು ಬರೆಯುವ ಸರದಿ ಬಂದಾಗಲೇ ನಿಜವಾದ ಪರೀಕ್ಷೆ ಎದುರಾದದ್ದು. ಸಿ ಕಡತವನ್ನು, ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಉಳಿಸಿ, ನೋಟೊ ಸಾನ್ಸ್ ಕನ್ನಡ ಫಾಂಟನ್ನು ತೆರೆದು, 'ದರ್ಪಣಸುಂದರಿ' ಎಂದು ಬರೆಯಿಸಿದರೆ ಮೂಡಿದ್ದು ಬೇರೆಯೇ. ಅರ್ಕಾವೊತ್ತು ಇಲ್ಲ, 'ದ', ಆಮೇಲೆ ಅರ್ಧ ರಕಾರ, ಆಮೇಲೆ 'ಪ' ಬಿಡಿಬಿಡಿಯಾಗಿ ನಿಂತಿದ್ದವು. ಕೊನೆಯ 'ರಿ'ಯಲ್ಲಿ ರಕಾರದ ತಲೆಕಟ್ಟು ಹಾಗೆಯೇ ಉಳಿದು, ಗುಡಿಸು ಪಕ್ಕದಲ್ಲಿ ಪ್ರತ್ಯೇಕವಾಗಿ ತೂಗಾಡುತ್ತಿತ್ತು. 'ಹೊಯ್ಸಳ' ಎಂದು ಬರೆಯಿಸಿ ನೋಡಿದರೆ ಯಕಾರದ ಕೆಳಗಿರಬೇಕಾದ ಸಕಾರದ ಒತ್ತು ಮುಂದಿನ ಅಕ್ಷರವಾಗಿ ಪೂರ್ಣರೂಪದಲ್ಲಿ ಕುಳಿತಿತ್ತು. ಫಾಂಟ್ ಸರಿಯಿಲ್ಲವೆಂದು ಒಬ್ಬರು, ಯೂನಿಕೋಡ್ ತಪ್ಪಿದೆಯೆಂದು ಇನ್ನೊಬ್ಬರು.

ಎರಡೂ ಸರಿಯಿದ್ದವು. ಯೂನಿಕೋಡಿನಲ್ಲಿ ಕನ್ನಡದ ಒತ್ತಕ್ಷರಗಳಿಗೆ ಸ್ವಂತ ಸಂಖ್ಯೆಗಳಿಲ್ಲ. 'ರ್ಪ' ಎಂಬುದು ಅಲ್ಲಿ ರಕಾರ, ಹಲಂತ ಚಿಹ್ನೆ, ಪಕಾರ ಎಂಬ ಮೂರು ಸಂಕೇತಗಳ ಸಾಲು. ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ ಮೂರು ಬೈಟು. ಆ ಮೂರನ್ನು ನೋಡಿ, ಮೊದಲು ಬಂದ ರಕಾರವನ್ನು ಅರ್ಕಾವೊತ್ತಾಗಿಸಿ ಪಕಾರದ ಬಲಕ್ಕೆ ಸರಿಸಬೇಕೆಂಬ ನಿಯಮ ಫಾಂಟಿನೊಳಗೆ ಬರೆದಿದೆ. ಆ ನಿಯಮವನ್ನು ಓದಿ ಜಾರಿಗೆ ತರುವ ಪ್ರೋಗ್ರಾಂ ಬೇರೆ ಬೇಕು. ಫ್ರೀಟೈಪ್ ಎಂಬ ಲೈಬ್ರರಿ ಅಕ್ಷರದ ಆಕಾರವನ್ನು ಚುಕ್ಕಿಗಳಾಗಿಸುತ್ತದೆಯೇ ಹೊರತು ಅಕ್ಷರಗಳನ್ನು ಕೂಡಿಸುವುದಿಲ್ಲ. ಕೂಡಿಸುವುದು ಹಾರ್ಫ್‌ಬಜ್‌ನ ಕೆಲಸ. ಎಸ್‌ಡಿಎಲ್ ಟಿಟಿಎಫ್ ಬಹಳ ಕಾಲ ಫ್ರೀಟೈಪನ್ನು ಮಾತ್ರ ನೆಚ್ಚಿಕೊಂಡಿತ್ತು, ಇಂಗ್ಲಿಷಿಗೆ ಅಷ್ಟು ಸಾಕು. ಹಾರ್ಫ್‌ಬಜ್ ಬೆಂಬಲ ಅದಕ್ಕೆ ಸೇರಿದ್ದು 2022ರಲ್ಲಿ ಬಂದ 2.0.18ನೆಯ ಆವೃತ್ತಿಯಲ್ಲಿ. ನಮ್ಮ ಪೆನ್‌ಡ್ರೈವಿನಲ್ಲಿದ್ದದ್ದು ಯಾವುದೋ ಹಳೆಯ ಪಾಠದ ಕೊಂಡಿಯಿಂದ ಬಂದ 2.0.15.

ಹೊಸ ಟಿಟಿಎಫ್ ಇಳಿಸಿ, ಇನ್‌ಕ್ಲೂಡ್, ಲಿಬ್, ಡಿಎಲ್‌ಎಲ್ ಮೂರನ್ನೂ ಬದಲಾಯಿಸಬೇಕೆಂದು ನಾನು ಹೇಳುವ ಮುಂಚೆಯೇ ಅರಕಲಗೂಡಿನ ಹುಡುಗಿ ಮೂರು ಫೋಲ್ಡರುಗಳನ್ನು ತೆರೆದು ಕುಳಿತಿದ್ದಳು. ಬೆಳಗ್ಗೆಯಿಂದ ಮಾಡಿದ ಕೆಲಸದ ಫಲವೆಂದು ನಾನು ಎಣಿಸಿಕೊಂಡದ್ದು ಇದನ್ನೇ. ಬರಹ ಕನ್ನಡದ್ದೆಂದು ಹಾರ್ಫ್‌ಬಜ್‌ಗೆ ಸ್ಪಷ್ಟಪಡಿಸಲು ಫಾಂಟಿಗೆ ಲಿಪಿಯ ಹೆಸರು ತಿಳಿಸುವ ಫಂಕ್ಷನ್ ಒಂದಿದೆ. ಅದಕ್ಕೆ ಕನ್ನಡ ಲಿಪಿಯ ನಾಲ್ಕಕ್ಷರದ ಅಂತರರಾಷ್ಟ್ರೀಯ ಸಂಕೇತವನ್ನು ಕೊಟ್ಟೆವು. ಮತ್ತೆ ಓಡಿಸಿದಾಗ ಅರ್ಕಾವೊತ್ತು ತನ್ನ ಜಾಗದಲ್ಲಿತ್ತು, ಗುಡಿಸು ರಕಾರಕ್ಕೆ ಅಂಟಿಕೊಂಡಿತ್ತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಹೆಸರು, ಊರ ಹೆಸರು ಬರೆಯಿಸಿ ನೋಡುವುದರಲ್ಲಿ ಮುಳುಗಿದರು. ಕನ್ನಡದಲ್ಲಿ ತಂತ್ರಾಂಶ ಬರಬೇಕೆಂದು ವೇದಿಕೆಯ ಮೇಲೆ ಹೇಳುವವರು ಇಂಥದ್ದೊಂದು ಮಧ್ಯಾಹ್ನವನ್ನು ಲ್ಯಾಬಿನಲ್ಲಿ ಕಳೆದರೆ ಒಳ್ಳೆಯದೆಂದು ನನಗನ್ನಿಸಿತು.

ಲ್ಯಾಬ್ ಅಟೆಂಡರ್ ಬಾಗಿಲಲ್ಲಿ ನಿಂತು, "ಮೇಡಂ, ಇನ್ನೂ ಆಗಿಲ್ವಾ? ದರ್ಶನದ ಜನ ಹೆಚ್ಚಾದ್ರೆ ನನ್ನ ಬಸ್ ಸಿಗಲ್ಲ" ಎಂದರು. "ಇನ್ನು ಸ್ವಲ್ಪ ಹೊತ್ತು ಅಣ್ಣ, ಧ್ವನಿ ಒಂದು ಉಳಿದಿದೆ" ಎಂದೆ.

ಧ್ವನಿಯನ್ನು ಆಲೂರಿನ ಹುಡುಗ ಮೊಬೈಲಿನಲ್ಲಿ ಅಲ್ಲಿಯೇ ಓದಿ ದಾಖಲಿಸಿದ. ಮೊಬೈಲ್ ಅದನ್ನು ಎಂ4ಎ ರೂಪದಲ್ಲಿ ಉಳಿಸಿತ್ತು, ಮಿಕ್ಸರ್ ಅದನ್ನು ತೆರೆಯಲಿಲ್ಲ, ಪ್ರೋಗ್ರಾಂ ಏನೂ ಹೇಳದೆ ಮೂಕವಾಗಿ ಓಡಿತು. ಪ್ರತಿ ಫಂಕ್ಷನ್ ಸೋತಾಗಲೂ ಲೈಬ್ರರಿಯ ಎರರ್ ಸಂದೇಶವನ್ನು ಕೇಳಿ ಅಚ್ಚಿಸಬೇಕೆಂಬುದನ್ನು ಅಲ್ಲಿ ಸೇರಿಸಿದೆವು. ಆಗ ಆ ರೂಪ ತನಗೆ ಗುರುತಿಲ್ಲವೆಂದು ಮಿಕ್ಸರ್ ಒಪ್ಪಿಕೊಂಡಿತು. ಧ್ವನಿಯನ್ನು ವೇವ್‌ಗೆ ಪರಿವರ್ತಿಸಿದ ಮೇಲೆ ಕೇಳಿಸಿತು. ಧ್ವನಿ ಆರಂಭಿಸುವಾಗ ಕೊಡುವ 44100 ಮತ್ತು 2048 ಎಂಬ ಸಂಖ್ಯೆಗಳು ಏಕೆಂದು ಅವರು ಕೇಳಿದರು. ಮೊದಲನೆಯದು ಸೆಕೆಂಡಿಗೆ ಎಷ್ಟು ಮಾದರಿಗಳೆಂಬುದು, ಎರಡನೆಯದು ಒಂದು ಕಂತಿನಲ್ಲಿ ಎಷ್ಟೆಂಬುದು. ಭಾಗಿಸಿದರೆ ಸುಮಾರು 46 ಮಿಲಿಸೆಕೆಂಡು. ಮೌಸ್ ಒತ್ತಿದ್ದಕ್ಕೂ ಧ್ವನಿ ಹೊರಟದ್ದಕ್ಕೂ ನಡುವೆ ಅಷ್ಟು ತಡವಾದರೆ ಮದನಿಕೆಯ ಪರಿಚಯಕ್ಕೆ ಏನೂ ತೊಂದರೆಯಿಲ್ಲ. ಮದ್ದಳೆ ನುಡಿಸುವ ಆಟವಾಗಿದ್ದರೆ ಸಂಖ್ಯೆ ತಗ್ಗಿಸಬೇಕಾಗುತ್ತಿತ್ತು.

ಕೋಡ್‌ಬ್ಲಾಕ್ಸ್ ಒಳಗಿನಿಂದ ಓಡಿಸಿದರೆ ಕಾಣುವ ಚಿತ್ರ, ತಯಾರಾದ ಪ್ರೋಗ್ರಾಂ ಇರುವ ಬಿನ್ ಫೋಲ್ಡರಿಗೆ ಹೋಗಿ ಡಬಲ್ ಕ್ಲಿಕ್ ಮಾಡಿದರೆ ಕಾಣದಿರುವುದೇಕೆಂಬ ಪ್ರಶ್ನೆ ಕೊನೆಗೆ ಬಂತು. ಕೋಡ್‌ಬ್ಲಾಕ್ಸ್ ಪ್ರಾಜೆಕ್ಟಿನ ಫೋಲ್ಡರಿನಲ್ಲಿ ನಿಂತು ಓಡಿಸುತ್ತದೆ, ಡಬಲ್ ಕ್ಲಿಕ್ ಮಾಡಿದಾಗ ಪ್ರೋಗ್ರಾಂ ತಾನಿರುವ ಫೋಲ್ಡರಿನಲ್ಲಿ ನಿಲ್ಲುತ್ತದೆ. ಎಸ್‌ಡಿಎಲ್‌ನ ಗೆಟ್ ಬೇಸ್ ಪಾತ್ ಫಂಕ್ಷನ್ ಪ್ರೋಗ್ರಾಂ ಕಡತ ಇರುವ ಜಾಗವನ್ನು ಹೇಳುವುದರಿಂದ, ಚಿತ್ರ, ಫಾಂಟ್, ಧ್ವನಿಗಳ ವಿಳಾಸವನ್ನೆಲ್ಲ ಅಲ್ಲಿಂದ ಕಟ್ಟುವಂತೆ ಮಾಡಿದೆವು. ಈ ಪ್ರೋಗ್ರಾಮನ್ನು ಬೇರೆಯವರಿಗೆ ಕೊಟ್ಟರೆ ಹಣ ಕಟ್ಟಬೇಕೆ ಎಂಬ ಸಂಶಯವೂ ಅವರಿಗಿತ್ತು. ಎರಡನೆಯ ಆವೃತ್ತಿಯಿಂದ ಎಸ್‌ಡಿಎಲ್ ಜೆಡ್‌ಲಿಬ್ ಪರವಾನಗಿಯಲ್ಲಿದೆ. ಉಚಿತವಾಗಿಯೂ ಹಂಚಬಹುದು, ಮಾರಲೂಬಹುದು, ಮೂಲ ಲೈಬ್ರರಿಯನ್ನು ತಾವೇ ಬರೆದೆವೆಂದು ಮಾತ್ರ ಹೇಳಿಕೊಳ್ಳುವಂತಿಲ್ಲ.

ಹೊರಡುವ ಮುನ್ನ ತೀರ್ಮಾನಿಸಬೇಕಾದದ್ದು ಒಂದೇ ಇತ್ತು. ಎರಡು ಸಾಲುಗಳ ಕಂಪೈಲರುಗಳು ಬೇರೆ ಬೇರೆಯಾಗಿರುವುದರಿಂದ ಪರೀಕ್ಷಕರ ಮುಂದೆ ಯಾವ ಸಾಲಿನಲ್ಲಿ ತಯಾರಾದ ಪ್ರೋಗ್ರಾಮನ್ನು ಇಡುವುದು? 64ರದ್ದೇ ಹೊಸದು, ಅದನ್ನೇ ಕೊಡೋಣವೆಂದರು ಮೂವರು. ಅರಕಲಗೂಡಿನ ಹುಡುಗಿ, ತಮ್ಮೂರಿನ ಶಾಲೆಗೂ ಇದನ್ನು ಕೊಡುವ ಆಸೆಯಿದೆ, ಅಲ್ಲಿನ ಕಂಪ್ಯೂಟರಿನಲ್ಲಿರುವುದು 32 ಬಿಟ್ಟಿನ ವಿಂಡೋಸ್ 7 ಎಂದಳು. 32 ಬಿಟ್ಟಿನ ಪ್ರೋಗ್ರಾಂ 64 ಬಿಟ್ಟಿನ ವಿಂಡೋಸಿನಲ್ಲಿಯೂ ಓಡುತ್ತದೆ, 64ರದ್ದು 32ರಲ್ಲಿ ಓಡುವುದಿಲ್ಲ. ಐ686 ಫೋಲ್ಡರಿನ ಡಿಎಲ್‌ಎಲ್‌ಗಳನ್ನು ಪ್ರೋಗ್ರಾಮಿನೊಡನೆ ಒಂದೇ ಫೋಲ್ಡರಿಗೆ ಸೇರಿಸಿ, ಪೆನ್‌ಡ್ರೈವಿಗೆ ಹಾಕಿಕೊಂಡು, ಆಲೂರಿನ ಹುಡುಗ ಲ್ಯಾಬಿನ ಫ್ಯಾನುಗಳನ್ನು ಆರಿಸಿದ.